ಬರೆದುಕೊಟ್ಟ ಯುದ್ಧ

ಯಲಹಂಕ ಬಸ್ ಸ್ಟ್ಯಾಂಡಿನ ಮೂಲೆಯ ತಗಡಿನ ಕ್ಯಾಬಿನ್ನಿನಲ್ಲಿ ಕೂತಿರುವ ಬ್ಯಾಟರಾಯಪ್ಪನನ್ನು ಯಾರಾದರೂ ಮಾತನಾಡಿಸಿದರೆ ಅವನು ಮೊದಲು ಗಡಿಯಾರ ನೋಡುತ್ತಾನೆ, ಆಮೇಲೆ ಮಾತನಾಡಿಸಿದವರ ಮುಖ ನೋಡುತ್ತಾನೆ. ಸಿಟಿ ಬಸ್ಸಿನಲ್ಲಿ ಅವನದು ಟ್ರಾಫಿಕ್ ಕಂಟ್ರೋಲರ್ ಕೆಲಸ. ಎಲ್ಲರ ಬಾಯಲ್ಲಿ ಟೀಸಿ. ಯಾವ ಬಸ್ಸು ಎಷ್ಟು ಹೊತ್ತಿಗೆ ಹೊರಡಬೇಕು, ಎಷ್ಟು ಹೊತ್ತಿಗೆ ಯಶವಂತಪುರ ಮುಟ್ಟಿ ವಾಪಸ್ ಬರಬೇಕು ಎಂಬ ಷೆಡ್ಯೂಲ್ ಅವನ ಮೇಜಿನ ಗಾಜಿನ ಕೆಳಗಿದೆ. ಆ ಷೆಡ್ಯೂಲಿಗೂ ರಸ್ತೆಗೂ ಸಂಬಂಧ ಕಡಿದುಹೋಗಿ ಎಷ್ಟೋ ವರ್ಷಗಳಾಗಿವೆ. ಹೆಬ್ಬಾಳದ ಫ್ಲೈಓವರ್ ಮೇಲೆ ಒಂದು ಟೆಂಪೋ ಕೆಟ್ಟು ನಿಂತರೆ ಇಲ್ಲಿಗೆ ಮೂರು ಬಸ್ಸು ಒಟ್ಟಿಗೆ ಬರುತ್ತವೆ, ಆಮೇಲೆ ಬಹಳ ಹೊತ್ತು ಒಂದೂ ಬರುವುದಿಲ್ಲ. ಡ್ರೈವರು ಬಂದು, "ಟೀಸಿ ಸಾರ್, ಹೆಬ್ಬಾಳ ಜಾಮು" ಎಂದರೆ ಬ್ಯಾಟರಾಯಪ್ಪ ಗಾಜಿನ ಮೇಲೆ ಬೆರಳಿಟ್ಟು, "ಇದ್ರಲ್ಲಿ ಎಲ್ಲಪ್ಪ ಐತೆ ಜಾಮು?" ಎನ್ನುತ್ತಾನೆ. ಹೊಸಬರು ಅದನ್ನು ತಮಾಷೆ ಎಂದುಕೊಂಡು ನಗುತ್ತಾರೆ. ಅವನು ನಿಜವಾದ ಬೇಸರದಿಂದಲೇ ಕೇಳುತ್ತಿದ್ದಾನೆ ಎಂಬುದು ಹಳಬರಿಗೆ ಗೊತ್ತು.

ಇಂಥ ಮನುಷ್ಯ ಸಂಜೆ ಮನೆಗೆ ಹೋಗಿ ಯುದ್ಧವಿಮಾನ ಹಾರಿಸುತ್ತಾನೆ ಎಂದರೆ ಡಿಪೋದಲ್ಲಿ ಯಾರೂ ನಂಬಲಾರರು. ಅದಕ್ಕೇ ಅವನು ಯಾರಿಗೂ ಹೇಳಿಲ್ಲ. ಹಳೇ ಯಲಹಂಕದಲ್ಲಿ ಅವನ ಬಾಡಿಗೆ ಮನೆ, ಎರಡನೇ ಮಹಡಿ. ಅಡುಗೆಮನೆಯ ಪಕ್ಕದ ಸಣ್ಣ ರೂಮಿನಲ್ಲಿ, ಗುಜರಿಗೆ ಹೋದ ಬಸ್ಸೊಂದರ ಡ್ರೈವರ್ ಸೀಟನ್ನು ದಪ್ಪ ಹಲಗೆಗೆ ಬೋಲ್ಟು ಹಾಕಿ ಕೂರಿಸಿದ್ದಾನೆ. ಅದರ ಮುಂದೆ ಮಗಳು ದಿವ್ಯ ಓದುವಾಗ ಹಟ ಮಾಡಿ ತೆಗೆಸಿಕೊಂಡ ಕಂಪ್ಯೂಟರು, ಪಕ್ಕದಲ್ಲಿ ವಿಮಾನದ ಹಿಡಿಯಂಥ ಜಾಯ್‌ಸ್ಟಿಕ್ಕು. ದಿವ್ಯ ಈಗ ಏರ್‌ಪೋರ್ಟಿನಲ್ಲಿ ಶಿಫ್ಟ್ ಕೆಲಸದಲ್ಲಿದ್ದಾಳೆ. ಅವಳು ಮನೆಯಲ್ಲಿದ್ದರೆ ನಿದ್ದೆಯಲ್ಲಿರುತ್ತಾಳೆ, ಎಚ್ಚರವಿದ್ದರೆ ಕೆಲಸದಲ್ಲಿರುತ್ತಾಳೆ. ಹಾಗಾಗಿ ಕಂಪ್ಯೂಟರು ಅಪ್ಪನ ಪಾಲಿಗೆ ಬಂತು.

ಆಸೆ ಮಾತ್ರ ಕಂಪ್ಯೂಟರಿಗಿಂತ ಹಳೆಯದು. ಅವನು ಹುಟ್ಟಿ ಬೆಳೆದದ್ದು ಚಿಕ್ಕಜಾಲದಲ್ಲಿ. ತಲೆಯ ಮೇಲೆ ಏರ್‌ಫೋರ್ಸಿನವರು ದಿನಾ ಸುತ್ತು ಹಾಕುತ್ತಿದ್ದರೆ ಹುಡುಗರಿಗೆ ಬೇರೆ ಯಾವ ಆಸೆ ತಾನೇ ಹುಟ್ಟೀತು? ಪಿಯುಸಿ ಮುಗಿದ ಮೇಲೆ ಜಾಲಹಳ್ಳಿಗೆ ಹೋಗಿ ಏರ್‌ಫೋರ್ಸ್ ಭರ್ತಿಯ ಸಾಲಿನಲ್ಲಿ ನಿಂತ. ಓಟದಲ್ಲಿ ಪಾಸಾದ, ಲೆಕ್ಕದಲ್ಲಿ ಪಾಸಾದ, ಕಣ್ಣಿನ ಡಾಕ್ಟರ ಮುಂದೆ ನಿಂತಾಗ ಬೋರ್ಡಿನ ಕೆಳಗಿನ ಸಾಲುಗಳು ಕಾಣಲಿಲ್ಲ. ಅಪ್ಪ ದೊಡ್ಡಮುನಿಯಪ್ಪ, "ಓಗ್ಲಿ ಬಿಡ್ಲಾ, ವಿಮಾನದಾಗೂ ಟಿಕೇಟ್ ಅರಿಯೋರ್ ಬೇಕಾಯ್ತದೆ" ಎಂದು ಸಮಾಧಾನ ಹೇಳಿದ. ಟಿಕೆಟ್ ಹರಿಯುವ ಕೆಲಸವೇ ಸಿಕ್ಕಿತು, ಆದರೆ ಬಸ್ಸಿನಲ್ಲಿ. ಕಂಡಕ್ಟರಾಗಿ ಸೇರಿ, ನಿಂತು ನಿಂತು ಮಂಡಿ ಸವೆಸಿಕೊಂಡು, ಈಗ ಟೀಸಿ ಆಗಿದ್ದಾನೆ.

ಕಂಪ್ಯೂಟರಿನ ಯುದ್ಧದಾಟಗಳಲ್ಲಿ ಎರಡು ಬಗೆ. ಒಂದರಲ್ಲಿ ಯುದ್ಧವನ್ನು ಯಾರೋ ಮೊದಲೇ ಕೂತು ಬರೆದಿರುತ್ತಾರೆ. ನಿಮ್ಮ ವಿಮಾನ ಬೆಟ್ಟ ದಾಟಿದ ತಕ್ಷಣ ಕಣಿವೆಯಿಂದ ಎರಡು ಶತ್ರು ವಿಮಾನ ಏಳಬೇಕು, ಸೇತುವೆಗೆ ಬಾಂಬು ಬಿದ್ದ ತಕ್ಷಣ ರೇಡಿಯೋದಲ್ಲಿ ಶಹಬ್ಬಾಸ್ ಬರಬೇಕು, ಹೀಗೆ. ಇದಕ್ಕೆ ಸ್ಕ್ರಿಪ್ಟೆಡ್ ಕ್ಯಾಂಪೇನ್ ಅನ್ನುತ್ತಾರೆ. ಇನ್ನೊಂದರಲ್ಲಿ ಬರೆದವರು ಯಾರೂ ಇಲ್ಲ. ಎರಡೂ ಕಡೆಯ ಸೈನ್ಯವನ್ನು ಕಂಪ್ಯೂಟರೇ ನಡೆಸುತ್ತದೆ. ಇವತ್ತು ನೀವು ಮುರಿದ ಸೇತುವೆ ನಾಳೆಯೂ ಮುರಿದೇ ಇರುತ್ತದೆ. ಆ ದಾರಿಯಲ್ಲಿ ಬರಬೇಕಾದ ಡೀಸೆಲ್ ಬರದೆ ಟ್ಯಾಂಕುಗಳು ನಿಲ್ಲುತ್ತವೆ. ಗಡಿ ಒಂದಿಷ್ಟು ಆ ಕಡೆಗೋ ಈ ಕಡೆಗೋ ಸರಿಯುತ್ತದೆ. ನೀವು ಬಂದರೂ ಯುದ್ಧ ನಡೆಯುತ್ತದೆ, ಬರದಿದ್ದರೂ ನಡೆಯುತ್ತದೆ. ಇದು ಡೈನಾಮಿಕ್ ಕ್ಯಾಂಪೇನ್. ಬ್ಯಾಟರಾಯಪ್ಪ ಯಾವ ಪಕ್ಷ ಎಂದು ಬಿಡಿಸಿ ಹೇಳಬೇಕಾಗಿಲ್ಲ. ದಿನವಿಡೀ ಹೇಳಿದ ಮಾತು ಕೇಳದ ರಸ್ತೆಯೊಂದಿಗೆ ಗುದ್ದಾಡಿ ಬಂದವನಿಗೆ, ಬರೆದ ಹೊತ್ತಿಗೆ ಸರಿಯಾಗಿ ಬಂದು ನಿಲ್ಲುವ ಶತ್ರುವೂ ಆಪ್ತನಾಗಿ ಕಾಣುತ್ತಾನೆ.

ಹಾಗೆ ಅವನು ಯುದ್ಧಗಳನ್ನು ಬರೆಯತೊಡಗಿದ. ಅವನ್ನು ಆಡಲು ಮೂವರು ಜೊತೆಯಾದರು. ಆರ್.ಟಿ. ನಗರದಲ್ಲಿ ಸೀಟ್ ಕವರ್ ಹೊಲಿಯುವ ಮುಬೀನ್. ಬಸ್ ಸೀಟಿಗೆ ಹೊಸ ರೆಕ್ಸಿನ್ ಹಾಕಿಕೊಟ್ಟವನು ಅವನೇ. ಬಾಗಲೂರಿನ ಅಶ್ವತ್ಥ್, ಅಪ್ಪನ ಜಮೀನಿನಲ್ಲಿ ಮನೆಗಳನ್ನು ಕಟ್ಟಿಸಿ ಬಾಡಿಗೆಗೆ ಬಿಡುವವನು. ಜಾಲಹಳ್ಳಿಯ ಕಾರ್ಖಾನೆಯಿಂದ ರಿಟೈರಾದ ಶಿವಶರಣಪ್ಪ. ಮೂಲ ಕಲಬುರಗಿ ಕಡೆಯವರು. ಪ್ರತಿ ಶನಿವಾರ ಸಂಜೆ ನಾಲ್ವರೂ ತಮ್ಮ ತಮ್ಮ ಮನೆಯಲ್ಲಿ ಕೂತು, ಕಿವಿಗೆ ಹೆಡ್‌ಫೋನ್ ಹಾಕಿಕೊಂಡು, ಬ್ಯಾಟರಾಯಪ್ಪ ಆ ವಾರ ಬರೆದ ಯುದ್ಧಕ್ಕೆ ಒಟ್ಟಿಗೆ ಹೊರಡುವರು. ಅವರಿಗೆ ಅವನು ಬ್ಯಾಟಣ್ಣ.

ಯುದ್ಧಕ್ಕೆ ರೇಡಿಯೋದಲ್ಲಿ ಮಾತನಾಡುವ ಒಂದು ದನಿ ಬೇಕಲ್ಲ. ಎಲ್ಲಿಗೆ ಹೋಗಬೇಕು, ಯಾವಾಗ ಇಳಿಯಬೇಕು ಎಂದು ಹೇಳುವ ಟವರಿನ ದನಿ. ಮೊದಲು ಬ್ಯಾಟರಾಯಪ್ಪ ತನ್ನ ದನಿಯನ್ನೇ ರೆಕಾರ್ಡ್ ಮಾಡಿ ಹಾಕಿದ. ಮುಬೀನ್ ಕೇಳಿ, "ಬೇಜಾರ್ ಮಾಡ್ಕೋಬೇಡಿ ಅಣ್ಣ, ಬಸ್ ಸ್ಟ್ಯಾಂಡಲ್ಲಿ ನಿಂತಂಗೆ ಆಗುತ್ತೆ" ಎಂದ. ಆಗ ಹೆಂಡತಿ ವೆಂಕಟಲಕ್ಷ್ಮಮ್ಮನನ್ನು ಕೂರಿಸಿದ.

ವೆಂಕಟಲಕ್ಷ್ಮಮ್ಮ ಮನೆಯಲ್ಲೇ ಸೀರೆಗಳಿಗೆ ಕುಚ್ಚು ಕಟ್ಟುವವಳು. ಬಾಯಲ್ಲಿ ದಾರ, ಮಡಿಲಲ್ಲಿ ಯಾರದೋ ಸೆರಗು, ಅವಳ ದಿನ ಹಾಗೇ ಕಳೆಯುತ್ತದೆ. ಗಂಡಹೆಂಡಿರ ನಡುವೆ ಜಗಳವಿಲ್ಲ. ಇದ್ದಿದ್ದರೆ ಮಾತಾದರೂ ಇರುತ್ತಿತ್ತು. ಅವನ ಶಿಫ್ಟು, ಅವಳ ಸೀರೆ, ಮಗಳ ನಿದ್ದೆ ಕೆಡಬಾರದೆಂದು ಇಬ್ಬರೂ ತಗ್ಗಿಸಿದ ದನಿ, ಇವೆಲ್ಲ ಸೇರಿ ವರ್ಷಗಳು ಹೋದಂತೆ ಮಾತು ಸವೆಯಿತು. ಉಳಿದದ್ದು "ಊಟಕ್ಕಿಟ್ಟೈತೆ", "ಹಾಲು ತಂದೆ", "ಬೀಗ ಹಾಕ್ಕೋ". ಒಂದೇ ಮನೆಯಲ್ಲಿ ಹೀಗೂ ಬದುಕಬಹುದು, ಎಷ್ಟೋ ಜನ ಬದುಕುತ್ತಾರೆ, ಅದರಲ್ಲಿ ಸುಖವಿದೆ ಎಂದು ಮಾತ್ರ ಯಾರೂ ಹೇಳಬಾರದು.

ಗುರುವಾರ ಅವನ ವಾರದ ರಜೆ. ಊಟವಾದ ಮೇಲೆ ಅವಳು ಸೀರೆ ಮಡಚಿಟ್ಟು, ಬಿಸಿನೀರು ಕುಡಿದು ಗಂಟಲು ಸರಿ ಮಾಡಿಕೊಂಡು, ಸಣ್ಣ ರೂಮಿಗೆ ಬಂದು ಬಸ್ ಸೀಟಿನ ಮೇಲೆ ಕೂರುವಳು. ಅವನು ಪಕ್ಕದಲ್ಲಿ ಸ್ಟೂಲಿನ ಮೇಲೆ. ಕಿಟಕಿಯಾಚೆ ನಿಜವಾದ ವಿಮಾನ ಹಾರಿದರೆ ಅದು ಹೋಗುವವರೆಗೂ ಸುಳ್ಳು ವಿಮಾನದ ರೆಕಾರ್ಡಿಂಗು ನಿಲ್ಲಿಸಿ ಕಾಯಬೇಕು. ಆ ಹೊತ್ತಿನಲ್ಲಿ ಅವಳು ಏನಾದರೂ ಕೇಳುವಳು. ಇವನೊಬ್ಬನನ್ನೇ ಯಾಕೆ ಮುಂದೆ ಕಳಿಸುತ್ತೀರಿ, ರಾಡಾರ್ ಅಂದರೆ ಏನು, ಎಂದು. ಒಮ್ಮೆ, "ಬಾಂಬ್ ಆಕಿದ್ ಮೇಲೆ ಆ ಊರ್ನೋರ್ ಎಲ್ಲಿಗೋಯ್ತಾರೆ?" ಎಂದು ಕೇಳಿದಳು. ಅವನು ತಲೆ ಕೆರೆದುಕೊಂಡು, "ಊರ್ನೋರನ್ನ ನಾನು ಬರ್ದಿಲ್ಲ" ಎಂದ. ಅವಳು ನಕ್ಕಳು. ಹೆಂಡತಿ ಎದುರಿಗೆ ಕೂತು ನಕ್ಕದ್ದನ್ನು ಅವನು ನೋಡಿ ಬಹಳ ದಿನವಾಗಿತ್ತು. ಆಮೇಲಿನಿಂದ ಅವನು ಗುರುವಾರಕ್ಕಾಗಿಯೇ ಯುದ್ಧಗಳನ್ನು ಬರೆದ ಎಂದರೂ ತಪ್ಪಿಲ್ಲ.

ಅವಳ ದನಿಯಿಂದ ಅನಾಹುತವೂ ಆಗಿದೆ. ಪೈಲಟ್‌ಗಳ ಭಾಷೆಯಲ್ಲಿ ಬೆನ್ನ ಹಿಂದಿನ ದಿಕ್ಕಿಗೆ ಗಡಿಯಾರದ ಲೆಕ್ಕದಲ್ಲಿ ಆರು ಅನ್ನುವುದು ರೂಢಿ. ಬ್ಯಾಟರಾಯಪ್ಪ ಪುಸ್ತಕ ಓದಿ ಕಲಿತದ್ದನ್ನು ಹಾಗೇ ಬರೆದ: ಶತ್ರು ಹಿಂದಿನಿಂದ ಬಂದಾಗ ಟವರು "ಆರು, ಆರು" ಎಂದು ಕೂಗಬೇಕು. ಅವಳು ಎದೆ ತುಂಬಿ ಕೂಗಿದಳು. ಶಿವಶರಣಪ್ಪ ಕೂಡಲೇ ಹಿಂದೆ ತಿರುಗಿ ನೋಡಿದರು. ಬಾಗಲೂರಿನ ಅಶ್ವತ್ಥ್ ಮಾತ್ರ, ಒಂದು ಗೀರೂ ಬೀಳದ ವಿಮಾನದಿಂದ, ಪ್ಯಾರಾಚೂಟ್ ಬಿಚ್ಚಿಕೊಂಡು ಹಾರಿಬಿಟ್ಟ. "ಅಕ್ಕ ಆರು ಅಂದ್ರಲ್ಲ, ಆರ್ದೆ" ಎಂದ. ಅವನ ಊರಿನಲ್ಲಿ ಹಾರುವುದಕ್ಕೂ ಆರು ಅಂತಲೇ ಹೇಳುವುದು. ವೆಂಕಟಲಕ್ಷ್ಮಮ್ಮನ ಊರಿನಲ್ಲೂ ಅಷ್ಟೆ. ಅವತ್ತಿನ ಯುದ್ಧ ನಗುವಿನಲ್ಲಿ ಕೊಚ್ಚಿಹೋಯಿತು. ಮುಂದಿನ ವಾರದಿಂದ ಆ ಜಾಗದಲ್ಲಿ "ಬೆನ್ನಿಂದೆ ನೋಡ್ರಿ" ಎಂದು ಬಂತು, ಅವಳಿಗೆ ಟವರಕ್ಕ ಎಂಬ ಹೆಸರು ಬಂತು.

ಹೀಗಿರುವಾಗ ಒಂದು ಭಾನುವಾರ ಬೆಳಿಗ್ಗೆ ಮುಬೀನನ ಅಂಗಡಿಯಲ್ಲಿ ನಾಲ್ವರೂ ಸೇರಿದರು. ಟೀ ಬಂತು. ಅಶ್ವತ್ಥ್ ಲೋಟವನ್ನು ಕೈಯಲ್ಲೇ ತಿರುಗಿಸುತ್ತಾ ಮಾತು ತೆಗೆದ.

"ಬ್ಯಾಟಣ್ಣ, ನಿಮ್ ಮಿಷನ್ ಸೂಪರ್, ಇಲ್ಲ ಅನ್ನಲ್ಲ. ಆದ್ರೆ ಎರಡನೇ ಸತಿ ಆಡಕ್ಕೆ ಏನೈತೆ? ಬೆಟ್ಟ ದಾಟಿದ್ರೆ ಇಬ್ರು ಬತ್ತಾರೆ ಅಂತ ಗೊತ್ತೇ ಐತೆ. ನಾನು ದಾಟ್ಲಿಲ್ಲ ಅಂದ್ರೆ ಅವ್ರು ಅಲ್ಲೇ ಕುಂತಿರ್ತಾರೆ, ಕಾಫಿ ಕುಡ್ಕಂಡು. ನಾವು ಡೈನಾಮಿಕ್‌ಗೆ ಓಗೋಣ."

"ಅದ್ರಲ್ಲಿ ಕಥೆ ಎಲ್ಲೈತೆ?" ಬ್ಯಾಟರಾಯಪ್ಪ ಕೇಳಿದ. "ಒಂದು ಗಂಟೆ ಹಾರಾಡಿ, ಬರೀ ಹುಲ್ಲು ನೋಡ್ಕೊಂಡು ವಾಪಸ್ ಬರೋದು. ಅದೂ ಒಂದು ಯುದ್ಧನಾ?"

"ಖರೇ ಯುದ್ಧ ಹಂಗೇ ಇರ್ತದ ಅಂತಾರಲ್ರೀ" ಎಂದರು ಶಿವಶರಣಪ್ಪ, ನಿಧಾನವಾಗಿ. "ಇನ್ನೊಂದು ಮಾತು ಹೇಳ್ತೀನಿ, ತಪ್ಪು ತಿಳೀಬ್ಯಾಡ್ರಿ. ನಿಮ್ಮ ಯುದ್ಧದಾಗ ನಾ ಒಮ್ಮೆನೂ ಸೋತಿಲ್ಲ. ಕಡೀಕ ಎಲ್ಲಾರೂ ಆರಾಮ ಮನೀಗಿ ಬರೋ ಹಂಗೇ ನೀವು ಬರದಿರ್ತೀರಿ. ಒಮ್ಮೆರ ಸೋಲಬೇಕು ಅನ್ನಿಸ್ತದ ನೋಡ್ರಿ."

ಬ್ಯಾಟರಾಯಪ್ಪ ಅಂಗಡಿಯ ಮೂಲೆಯಲ್ಲಿ ಪೇರಿಸಿದ್ದ ಆಟೋ ಸೀಟುಗಳನ್ನು ನೋಡುತ್ತಾ, "ಅದ್ರಲ್ಲಿ ಟವರ್ ಯಾರು ಮಾತಾಡ್ತಾರೆ?" ಎಂದ.

"ಕಂಪ್ಯೂಟರೇ ಮಾತಾಡುತ್ತೆ ಅಣ್ಣ, ಇಂಗ್ಲಿಷಲ್ಲಿ" ಎಂದ ಮುಬೀನ್. "ಅಕ್ಕನ ವಾಯ್ಸ್ ಒಂದು ಮಿಸ್ ಆಗುತ್ತೆ, ಅದೇ ಬೇಜಾರು. ಏನಾಗುತ್ತೆ ಅಂತ ಮೊದ್ಲೇ ಗೊತ್ತಿದ್ರೆ ತಾನೇ ರೆಕಾರ್ಡ್ ಮಾಡೋದು. ನೀವೂ ಬನ್ನಿ ಅಣ್ಣ, ನಿಮ್ಮನ್ನ ಬಿಟ್ಟು ಹೆಂಗೆ ಆಡೋದು?"

ಬ್ಯಾಟರಾಯಪ್ಪ ಟೀ ಅರ್ಧಕ್ಕೆ ಬಿಟ್ಟು ಎದ್ದ. ತನಗೆ ಶನಿವಾರದ ಡ್ಯೂಟಿ ಬದಲಾಗಿದೆ, ಇನ್ನು ಮೇಲೆ ಆಗುವುದಿಲ್ಲ, ನೀವು ಆಡಿಕೊಳ್ಳಿ ಎಂದ. ಡ್ಯೂಟಿ ಬದಲಾಗಿರಲಿಲ್ಲ. ಮನೆಯವರೆಗೂ ಬಸ್ಸಿನಲ್ಲಿ ಕೂತು ಡೈನಾಮಿಕ್ ಕ್ಯಾಂಪೇನಿನ ನೂರು ದೋಷಗಳನ್ನು ಮನಸ್ಸಿನಲ್ಲೇ ಜೋಡಿಸಿದ. ಅಸಲು ವಿಷಯ ಆ ನೂರರಲ್ಲಿ ಒಂದೂ ಆಗಿರಲಿಲ್ಲ. ಶನಿವಾರದ ಯುದ್ಧ ಹೋದರೆ ಗುರುವಾರ ಹೋಗುತ್ತದೆ, ಗುರುವಾರ ಹೋದರೆ ಅವಳು ಎದುರಿಗೆ ಕೂರುವುದು ಹೋಗುತ್ತದೆ. ಅವನನ್ನು ಕಾಡಿದ ಭಯ ಅಷ್ಟೆ.

ಗುರುವಾರ ಬಂತು. ಇವತ್ತು ಹೇಳಿಬಿಡಬೇಕು ಎಂದುಕೊಂಡೇ ಊಟ ಮಾಡಿದ. ಕೈ ತೊಳೆದುಕೊಂಡು ಬಂದು ನೋಡಿದರೆ ಅವಳಾಗಲೇ ಬಸ್ ಸೀಟಿನಲ್ಲಿ ಕೂತಿದ್ದಾಳೆ. ಮೈಕಿನ ಮೇಲಿನ ಧೂಳನ್ನು ಸೆರಗಿನಿಂದ ಒರೆಸಿದ್ದಾಳೆ. "ಈ ಸತಿ ಎಲ್ಲಿಗೆ?" ಎಂದಳು.

"ಈ ಸತಿ... ಒಂದು ದ್ವೀಪಕ್ಕೆ" ಎಂದುಬಿಟ್ಟ. ನಿಂತ ನಿಲುವಿನಲ್ಲಿ ಒಂದು ದ್ವೀಪ, ಒಂದು ಬಂದರು, ನಾಲ್ಕು ವಿಮಾನ ಕಲ್ಪಿಸಿಕೊಂಡು ಸ್ಕ್ರೀನಿನ ಮೇಲೆ ಸಾಲು ಸಾಲಾಗಿ ಟೈಪ್ ಮಾಡಿದ, ಅವಳು ಓದಿದಳು. ಯಾರೂ ಆಡದ ಯುದ್ಧಕ್ಕೆ ಆ ಮಧ್ಯಾಹ್ನ ಟವರು ಪೂರ್ತಿ ಕೆಲಸ ಮಾಡಿತು.

ಸುಳ್ಳು ಒಂದು ವಾರಕ್ಕೆ ನಿಲ್ಲುವ ಜಾತಿಯದ್ದಲ್ಲ. ಶನಿವಾರ ಸಂಜೆ ಅವನು ರೂಮಿನ ಬಾಗಿಲು ಮುಂದೆ ಮಾಡಿಕೊಂಡು ಒಬ್ಬನೇ ಹಾರಿದ. ಉಳಿದ ಮೂರು ವಿಮಾನಗಳನ್ನು ಕಂಪ್ಯೂಟರಿಗೆ ಒಪ್ಪಿಸಿದ. ಅವು ಹೇಳಿದ ಮಾತು ಕೇಳಿಕೊಂಡು ಪಕ್ಕದಲ್ಲಿ ಬಂದವು, ಒಂದು ಜೋಕೂ ಮಾಡಲಿಲ್ಲ. ಹೊರಗೆ ಬಂದಾಗ ವೆಂಕಟಲಕ್ಷ್ಮಮ್ಮ ಕುಚ್ಚಿನ ದಾರ ಕಚ್ಚಿಕೊಂಡೇ, "ಏನಂದ್ರು?" ಎಂದಳು. "ಅಶ್ವತ್ಥ ನಿನ್ ದನಿ ಸೂಪರ್ ಅಂದ" ಎಂದ. ಮುಂದಿನ ವಾರ, "ಶಿವಶರಣಪ್ಪನವ್ರು ಬಾಳ ಮೆಚ್ಕೊಂಡ್ರು" ಎಂದ. ಯುದ್ಧದ ಜೊತೆಗೆ ಹೊಗಳಿಕೆಯನ್ನೂ ಅವನೇ ಬರೆಯಬೇಕಾಗಿ ಬಂತು. ಪಾಪ, ಅದರಲ್ಲಿ ಅವನ ಕೈ ಅಷ್ಟು ಪಳಗಿರಲಿಲ್ಲ. ಒಂದೇ ಮಾತನ್ನು ಮೂವರ ಬಾಯಲ್ಲಿ ತಿರುಗಿಸಿ ಹೇಳುತ್ತಿದ್ದ.

ನಡುವೆ ಒಂದು ಶನಿವಾರ, ಅವರು ಅದೇನು ಕಂಡು ಮರುಳಾದರೋ ನೋಡೋಣ ಎಂದು ಅವನೂ ಕದ್ದು ಡೈನಾಮಿಕ್ ಕ್ಯಾಂಪೇನ್ ಹಾಕಿದ. ಬೆಟ್ಟ ದಾಟಿದ, ಯಾರೂ ಬರಲಿಲ್ಲ. ಇನ್ನೊಂದು ಬೆಟ್ಟ ದಾಟಿದ. ಅಲ್ಲೂ ಯಾರೂ ಇಲ್ಲ. ಕೆಳಗೆ ರಸ್ತೆಯಲ್ಲಿ ಲಾರಿಗಳ ಸಾಲೊಂದು ಹೋಗುತ್ತಿತ್ತು. ಅವನು ಬಂದದ್ದು ಅವುಗಳಿಗೆ ಗೊತ್ತೂ ಇರಲಿಲ್ಲ, ಅವನಿಗಾಗಿ ಅವು ಹೊರಟಿರಲೂ ಇಲ್ಲ. ಸುಮ್ಮನಿರಲಾರದೆ ಮುಂದಿನ ಸೇತುವೆಗೆ ಬಾಂಬು ಹಾಕಿದ. ಲಾರಿಗಳು ನಿಂತವು. ಸ್ವಲ್ಪ ಹೊತ್ತಿನ ಮೇಲೆ ಮೊದಲನೆಯದು ಹಿಂದಕ್ಕೆ ತಿರುಗಿತು, ಹಿಂದೆಯೇ ಉಳಿದವೂ ತಿರುಗಿ ಒಂದು ಮಣ್ಣಿನ ದಾರಿಗೆ ಇಳಿದವು. ಹೆಬ್ಬಾಳ ಕಟ್ಟಿಕೊಂಡಾಗ ಅವನ ಡ್ರೈವರುಗಳೂ ಹೀಗೇ ಯಾರನ್ನೂ ಕೇಳದೆ ಕೊಡಿಗೇಹಳ್ಳಿಯ ಒಳದಾರಿಗೆ ಇಳಿಯುತ್ತಾರೆ. ಬ್ಯಾಟರಾಯಪ್ಪ ಬೈಯಬೇಕೆ ಮೆಚ್ಚಬೇಕೆ ತಿಳಿಯದೆ ಇಂಧನ ಮುಗಿಯುವವರೆಗೂ ಅವುಗಳ ಮೇಲೆಯೇ ಸುತ್ತಿದ. ಚೆನ್ನಾಗಿತ್ತು. ಅದನ್ನು ಒಪ್ಪಿಕೊಳ್ಳಲು ಮನಸ್ಸಾಗದೆ ಕಂಪ್ಯೂಟರ್ ಆರಿಸಿದ. ಗುರುವಾರ ಮತ್ತೆ ಹೊಸದೊಂದು ಯುದ್ಧ ಬರೆದ.

ಇನ್ನೊಂದು ದಿನ ಡ್ಯೂಟಿ ಮುಗಿಸಿ ಬಂದವನು ಬಸ್ ಸೀಟಿನ ಹರಿದ ಅಂಚು ಹೊಲಿದಿರುವುದನ್ನು ಕಂಡ.

"ಮುಬೀನ್ ಬಂದಿದ್ನಾ?"

"ಊಂ. ಈ ಕಡೆ ಏನೋ ಕೆಲ್ಸ ಇತ್ತಂತೆ. ಅರಿದಿರೋದ್ ನೋಡಿ ಒಲ್ದ್ಕೊಟ್ಟು ಓದ" ಎಂದಳು ಅವಳು, ಸೆರಗಿನಿಂದ ಕಣ್ಣೆತ್ತದೆ.

"ಏನಾದ್ರೂ ಅಂದ್ನಾ?"

"ಕಾಫಿ ಚೆನ್ನಾಗೈತೆ ಅಂದ."

ಬದುಕಿದೆ ಎಂದುಕೊಂಡ. ಆ ಗುರುವಾರವೂ ಅವಳು ಬಂದು ಕೂತಳು, ಮುಂದಿನ ಗುರುವಾರವೂ ಕೂತಳು. ಒಂದಿಷ್ಟು ಹೆಚ್ಚೇ ಚೆನ್ನಾಗಿ ಓದಿದಳು ಎಂದು ಅವನಿಗೆ ಅನ್ನಿಸಿತು. ಈಗ ಅವನು ಎರಡು ಸಾಲಿನಲ್ಲಿ ಮುಗಿಯುವುದನ್ನು ಹತ್ತು ಸಾಲಿಗೆ ಎಳೆಯುತ್ತಿದ್ದ. ವಿಮಾನಗಳು ಇಳಿಯುವ ಮುನ್ನ ಟವರು ಗಾಳಿಯ ಬಗ್ಗೆ, ಮೋಡದ ಬಗ್ಗೆ, ಅಡುಗೆಮನೆಯಲ್ಲಿ ಕಾದಿರುವ ಮುದ್ದೆಯ ಬಗ್ಗೆ ಕೂಡ ಮಾತನಾಡುತ್ತಿತ್ತು. ಯುದ್ಧ ಬರೆಯುವ ಯಾರೂ ಹಾಗೆ ಬರೆಯಲಾರರು. ಹೆಂಡತಿಯ ಬಾಯಿಂದ ನಾಲ್ಕು ಮಾತು ಹೆಚ್ಚು ಕೇಳಬೇಕೆಂದವನು ಮಾತ್ರ ಬರೆಯಬಲ್ಲ.

ಆಮೇಲಿನ ಗುರುವಾರ ಬರೆದದ್ದು ಒಂದು ದೊಡ್ಡ ಯುದ್ಧದ ಕೊನೆ. ಎಲ್ಲ ಸಾಲುಗಳೂ ಮುಗಿದು ಇಳಿಯುವ ಸಾಲು ಬಂತು. ಅವಳು ಮೈಕಿನ ಹತ್ತಿರ ಬಾಗಿ ಓದಿದಳು: "ರನ್‌ವೇ ಖಾಲಿ ಐತೆ. ನಿಧಾನಕ್ಕೆ ಇಳೀರಿ. ಎಲ್ರೂ ಕ್ಷೇಮವಾಗಿ ಬಂದ್ರಿ, ಸಂತೋಷ."

ಓದಿ ಹೆಡ್‌ಫೋನ್ ತೆಗೆದು ಮಡಿಲಲ್ಲಿಟ್ಟುಕೊಂಡಳು.

"ಎಲ್ರೂ ಅಂದ್ರೆ ಯಾರ್ರೀ?"

"ಅದೇ... ಮುಬೀನು, ಅಶ್ವತ್ಥ..."

"ಅವ್ರು ಬ್ಯಾರೆ ಆಟಕ್ಕೋಗಿ ಬಾಳ ದಿನ ಆತಂತೆ. ಸೀಟ್ ಒಲಿಯಾಕ್ ಬಂದಾಗ ಮುಬೀನ್ ಅಂದ. 'ನಿಮ್ ದನಿ ಇಲ್ದೆ ಬೇಜಾರಕ್ಕ' ಅಂದ."

ಬ್ಯಾಟರಾಯಪ್ಪ ಸ್ಕ್ರೀನಿನ ಕಡೆ ನೋಡಿದ. ಅಲ್ಲಿ ಅವನು ಬರೆದ ಸಾಲುಗಳು ಮುಗಿದಿದ್ದವು. ಬೈಯುತ್ತಾಳೆ, ಎದ್ದು ಹೋಗುತ್ತಾಳೆ, ಇನ್ನು ಈ ರೂಮಿಗೆ ಕಾಲಿಡುವುದಿಲ್ಲ ಎಂದು ಕಾದ. ಅವಳು ಏಳಲಿಲ್ಲ.

"ಗೊತ್ತಿದ್ದೂ ಬಂದು ಓದಿದ್ಯಾ?" ಎಂದ ಕೊನೆಗೆ.

"ಓದ್ದೆ."

"ಯಾಕೆ?"

"ನೀವ್ಯಾಕ್ ಬರೆದ್ರಿ?"

ಇಷ್ಟು ವರ್ಷದಲ್ಲಿ ಮನಸ್ಸಿನ ಮಾತನ್ನು ಅವನು ಹೇಳಿದವನಲ್ಲ. ಇದೊಂದು ಸಲ ಹೇಳಿದ. "ಇದೂ ಇಲ್ಲ ಅಂದ್ರೆ ನೀನು ಇಲ್ಲಿ ಬಂದು ಕೂರಲ್ಲ ಅಂತ."

ಕೆಳಗೆ ಬೀದಿಯಲ್ಲಿ ತರಕಾರಿ ಗಾಡಿಯವನು ಕೂಗಿಕೊಂಡು ಹೋದ.

"ನಾನೂ ಅದುಕ್ಕೇ ಬಂದೆ" ಎಂದಳು. "ನೀವು ಇಂಗೆ ಪಕ್ಕದಾಗ್ ಕುಂತು ನನ್ ಮಖ ನೋಡೋದು ಗುರುವಾರ ಒಂದಿನ. ಅದುಕ್ಕೇ ಯಾವ ಯುದ್ಧ ಆದ್ರೂ ಓದ್ತಿದ್ದೆ. ಆದ್ರೆ ಒಂದ್ ಮಾತ್ ಏಳ್ತೀನಿ, ಬೇಜಾರ್ ಮಾಡ್ಕಾಬೇಡಿ. ಈ ಕಂಪೂಟ್ರಾಗೆ ಇರೋದು ನನ್ ದನಿ ಮಾತ್ರ. ಮಾತೆಲ್ಲಾ ನಿಮ್ದೇ. ಮುದ್ದೆ ಕಾದೈತೆ ಅನ್ನೋದೂ ನೀವ್ ಬರೆದ್ಕೊಟ್ಟಿದ್ದೇ. ನೀವ್ ಬರೀದೇ ಇದ್ದಾಗ ನಾನೇನ್ ಅಂತೀನಿ ಅಂತ ಒಂದಿನಾನೂ ಕಾಯ್ಲಿಲ್ಲ ನೀವು."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಅವನಿಗೆ ಸುಲಭವಾಗುತ್ತಿತ್ತು. ಗುರುವಾರಗಳನ್ನೆಲ್ಲ ಒಂದೊಂದಾಗಿ ನೆನೆದ. ಹೆಂಡತಿಯೊಂದಿಗೆ ಮಾತನಾಡಿದೆ ಎಂದು ತಾನು ಸುಖಪಟ್ಟ ಅಷ್ಟು ಮಧ್ಯಾಹ್ನಗಳಲ್ಲಿ, ವಿಮಾನದ ಸದ್ದು ಹೋಗಲೆಂದು ಕಾದ ಹೊತ್ತು ಬಿಟ್ಟರೆ, ತಾನು ಬರೆದದ್ದೇ ತನ್ನ ಕಿವಿಗೆ ವಾಪಸ್ ಬಂದಿತ್ತು. ಅವನಿಗೆ ನಾಚಿಕೆಯಾಯಿತು, ದುಃಖವೂ ಆಯಿತು.

"ಈಗೇನ್ ಮಾಡ್ಲಿ?" ಎಂದ.

"ಬರೀಬೇಡಿ" ಎಂದಳು. "ಕೇಳಿ."

ಕೇಳಿ ಎಂದರೆ ಏನಾದರೂ ವಿಚಾರಿಸಿ ಎಂದೋ, ಹೇಳುವುದನ್ನು ಕಿವಿಗೆ ಹಾಕಿಕೊಳ್ಳಿ ಎಂದೋ ಅವನಿಗೆ ತಿಳಿಯಲಿಲ್ಲ. ಮೊದಲನೆಯದನ್ನು ಮಾಡದೆ ಎರಡನೆಯದು ಆಗುವುದಿಲ್ಲ ಎಂದು ಮಾತ್ರ ತೋಚಿತು. ಆದರೆ ಏನನ್ನು ಕೇಳುವುದು? ಬಸ್ಸಿನ ಬಗ್ಗೆ ಇನ್ನೂರು ಪ್ರಶ್ನೆ ಕೇಳಬಲ್ಲವನಿಗೆ ಹೆಂಡತಿಯನ್ನು ಕೇಳಲು ಒಂದೂ ಹೊಳೆಯಲಿಲ್ಲ. ಅವಳು ಕಾದಳು. ಬಾಗಿಲ ಆಚೆ ಚಾಪೆಯ ಮೇಲೆ ಅವಳು ಮಡಚಿಟ್ಟು ಬಂದಿದ್ದ ಹಸಿರು ಸೀರೆ ಕಂಡಿತು.

"ಅದು... ಯಾರ ಸೀರೆ?"

ವೆಂಕಟಲಕ್ಷ್ಮಮ್ಮ ಒಮ್ಮೆ ಬಾಗಿಲ ಕಡೆ, ಒಮ್ಮೆ ಅವನ ಕಡೆ ನೋಡಿದಳು. "ಅದಾ" ಎಂದಳು. "ಅದು ಯಾರ್ದೂ ಅಲ್ಲ. ನಂದೇ."

"ನಿಂದಾ? ಎಲ್ಲಿಗೆ?"

ಅವಳು ಕಾಲು ಮೇಲಕ್ಕೆಳೆದುಕೊಂಡು ಬಸ್ ಸೀಟಿನ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ಹೇಳಲು ಶುರುಮಾಡಿದಳು. ಬ್ಯಾಟರಾಯಪ್ಪ ಸ್ಟೂಲನ್ನು ಹತ್ತಿರಕ್ಕೆ ಎಳೆದುಕೊಂಡ. ಅವಳು ಮುಂದೆ ಏನು ಹೇಳುತ್ತಾಳೋ ಅವನಿಗೆ ಗೊತ್ತಿರಲಿಲ್ಲ.